ಲೋಹದ ಮೇಲೆ ಪ್ಲಾಸ್ಟಿಕ್ ಜಾರುವಾಗ: ಘರ್ಷಣೆ ಮತ್ತು ಸವೆತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಕ್ಕಿನ ಶಾಫ್ಟಿಗೆ ನೈಲಾನ್ ಬುಷ್ (ಶಾಫ್ಟ್ ತಿರುಗಲು ಹಾಕುವ ಕೊಳವೆಯಂಥ ಬೇರಿಂಗ್) ಹಾಕಿಸಿದವರು, ಹಳೆಯ ಲೇತಿಗೆ ಟರ್ಸೈಟ್ (ಕಂಚು ಬೆರೆಸಿದ ಟೆಫ್ಲಾನ್ ಹಾಳೆ) ಅಂಟಿಸಲು ಹೊರಟವರು, ಪ್ರಾಜೆಕ್ಟಿಗೆಂದು ಪಿನ್-ಆನ್-ಡಿಸ್ಕ್ (ತಿರುಗುವ ತಟ್ಟೆಯ ಮೇಲೆ ಪಿನ್ ಒತ್ತಿ ಸವೆತ ಅಳೆಯುವ) ಯಂತ್ರದ ಮುಂದೆ ನಿಂತ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಈ ಮೂರೂ ಕಡೆಯಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಲೆಕ್ಕ ಬೇಡುವಂಥದ್ದು ಕೊನೆಗೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುವಂತೆ ಬರೆದಿದ್ದೇನೆ.

## ಮೊದಲಿಗೆ ಬರುವ ಪ್ರಶ್ನೆಗಳು

ಪ್ಲಾಸ್ಟಿಕ್ ಮೆತ್ತಗೆ, ಉಕ್ಕು ಗಟ್ಟಿ. ಉಕ್ಕಿನ ಮೇಲೆ ಉಜ್ಜಿದರೆ ಪ್ಲಾಸ್ಟಿಕ್ ನಾಲ್ಕು ದಿನಕ್ಕೇ ಸವೆದು ಹೋಗಲ್ವಾ?

ಹೋಗಬೇಕಾಗಿಲ್ಲ. ಹೊಸ ಬುಷ್ ಹಾಕಿ ಮೆಶಿನ್ ಚಾಲೂ ಮಾಡಿದಾಗ ಮೊದಮೊದಲು ಪ್ಲಾಸ್ಟಿಕ್ ತುಸು ಹೆಚ್ಚೇ ಸವೆಯುತ್ತದೆ. ಉಕ್ಕಿನ ಮೇಲ್ಮೈಯಲ್ಲಿರುವ ಸಣ್ಣ ಸಣ್ಣ ಉಬ್ಬುಗಳು ಅದನ್ನು ಕೆರೆದು ತೆಗೆಯುತ್ತವೆ. ಹಾಗೆ ಕೆರೆದುಬಂದ ಪುಡಿಯಲ್ಲಿ ಒಂದಿಷ್ಟು ಆ ಉಬ್ಬುಗಳ ನಡುವಿನ ತಗ್ಗುಗಳಲ್ಲಿ ಸೇರಿಕೊಂಡು ಶಾಫ್ಟಿನ ಮೇಲೆ ತೆಳುವಾದ ಪದರವಾಗಿ ಹರಡಿಕೊಳ್ಳುತ್ತದೆ. ಆಮೇಲೆ ಪ್ಲಾಸ್ಟಿಕ್ ಉಜ್ಜುವುದು ಉಕ್ಕನ್ನಲ್ಲ, ತನ್ನದೇ ಪದರವನ್ನು. ಸವೆತ ಇಳಿಯುತ್ತದೆ. ಇದಕ್ಕೆ ವರ್ಗಾವಣೆ ಪದರ ಎನ್ನುತ್ತಾರೆ, ವರ್ಕ್‌ಶಾಪಿನಲ್ಲಿ ಬರೀ 'ಫಿಲ್ಮ್' ಅಂದರೂ ಅರ್ಥವಾಗುತ್ತದೆ. ಎಣ್ಣೆಯಿಲ್ಲದೆ ಓಡುವ ಪ್ಲಾಸ್ಟಿಕ್ ಬುಷ್‌ನ ಆಯಸ್ಸು ನಿಂತಿರುವುದು ಈ ಪದರದ ಮೇಲೆ. ಅದು ಕೂರಬೇಕು, ಕೂತದ್ದು ನಿಲ್ಲಬೇಕು, ಹರಿದರೆ ಮತ್ತೆ ಬೆಳೆಯಬೇಕು.

ಆದ್ದರಿಂದ 'ಈ ಪ್ಲಾಸ್ಟಿಕ್ ಎಷ್ಟು ಸವೆಯುತ್ತದೆ' ಎನ್ನುವ ಪ್ರಶ್ನೆಗೆ ಒಂಟಿಯಾಗಿ ಉತ್ತರವಿಲ್ಲ. ಯಾವ ಲೋಹದ ಮೇಲೆ, ಎಂಥ ಫಿನಿಶಿನ ಮೇಲೆ, ಎಷ್ಟು ಬಿಸಿಯಲ್ಲಿ, ಒಣಗಿದ್ದಾಗಲೋ ಒದ್ದೆಯಾಗಿದ್ದಾಗಲೋ ಎಂದು ಸೇರಿಸಿ ಕೇಳಬೇಕು.

ಘರ್ಷಣೆ ಕಡಿಮೆ ಇದ್ದರೆ ಸವೆತವೂ ಕಡಿಮೆ ತಾನೇ?

ಈ ನಂಬಿಕೆಯಿಂದಲೇ ಅತಿ ಹೆಚ್ಚು ಬುಷ್‌ಗಳು ಹಾಳಾಗಿವೆ. ಘರ್ಷಣೆ ಅಂದರೆ ಜಾರಿಸಲು ಬೇಕಾದ ಬಲ, ಸವೆತ ಅಂದರೆ ಕಳೆದುಹೋಗುವ ವಸ್ತು. ಎರಡೂ ಒಂದೇ ದಿಕ್ಕಿನಲ್ಲಿ ಹೋಗಬೇಕೆಂಬ ನಿಯಮವಿಲ್ಲ.

ಇದಕ್ಕೆ ಸೊಂಟದ ಕೀಲಿನ ಚರಿತ್ರೆಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಕೃತಕ ಸೊಂಟದ ಕೀಲು ರೂಪಿಸುತ್ತಿದ್ದರು. ಸ್ಟೇನ್‌ಲೆಸ್ ಸ್ಟೀಲ್ ಗುಂಡು, ಅದು ಕೂರಲು ಪ್ಲಾಸ್ಟಿಕ್ ಬಟ್ಟಲು. ಘರ್ಷಣೆ ಅತಿ ಕಡಿಮೆ ಇರಬೇಕೆಂದು ಬಟ್ಟಲಿಗೆ ಟೆಫ್ಲಾನ್ ಆರಿಸಿದರು. ಜಾರಿಕೆಯ ಮಟ್ಟಿಗೆ ಆ ಆಯ್ಕೆ ಸರಿಯಾಗಿಯೇ ಇತ್ತು, ನೋವು ಹೋಗಿ ಜನ ನಡೆದಾಡಿದರು. ಆದರೆ ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದು ತೂತು ಬೀಳುವ ಹಂತಕ್ಕೆ ಬಂದವು. ಸವೆದ ಪುಡಿಗೆ ದೇಹ ಕೆರಳಿ ಸುತ್ತಲಿನ ಅಂಗಾಂಶ ಹಾಳಾಯಿತು. ನೂರಾರು ರೋಗಿಗಳಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು.

1962ರಲ್ಲಿ, ಲ್ಯಾಂಕಶೈರಿನ ಬಟ್ಟೆ ಗಿರಣಿಗಳಿಗೆ ಮಗ್ಗದ ಪ್ಲಾಸ್ಟಿಕ್ ಗೇರು ಮಾರುತ್ತಿದ್ದವರೊಬ್ಬರು ಬೇರೆಯೇ ಒಂದು ವಸ್ತುವಿನ ತುಂಡು ತಂದುಕೊಟ್ಟರು: ಅತಿ ಹೆಚ್ಚು ಅಣುತೂಕದ ಪಾಲಿಎಥಿಲಿನ್. ಉಗುರಿನಿಂದ ಒತ್ತಿದರೆ ಗುರುತು ಬೀಳುವ ಅದನ್ನು ನೋಡಿ ಚಾರ್ನ್ಲಿಗೆ ನಂಬಿಕೆ ಬರಲಿಲ್ಲ. ಅವರ ಪ್ರಯೋಗಾಲಯದ ತಂತ್ರಜ್ಞ ಹ್ಯಾರಿ ಕ್ರೇವನ್ ಆದರೂ ಅದನ್ನು ಸವೆತದ ಯಂತ್ರಕ್ಕೆ ಏರಿಸಿ ಬಿಟ್ಟರು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುತ್ತಿದ್ದಷ್ಟು ಇದು ಮೂರು ವಾರವಾದರೂ ಸವೆದಿರಲಿಲ್ಲ. ಅದೇ ವರ್ಷದ ನವೆಂಬರಿನಿಂದ ಚಾರ್ನ್ಲಿ ಪಾಲಿಎಥಿಲಿನ್ ಬಟ್ಟಲು ಹಾಕತೊಡಗಿದರು. ಇದರ ಘರ್ಷಣೆ ಟೆಫ್ಲಾನಿನದಕ್ಕಿಂತ ಹೆಚ್ಚು ಎಂಬುದನ್ನು ಗಮನಿಸಿ. ಘರ್ಷಣೆಯಲ್ಲಿ ಸೋತ ವಸ್ತು ಸವೆತದಲ್ಲಿ ಗೆದ್ದಿತು, ಇಂದಿಗೂ ಲಕ್ಷಾಂತರ ಜನ ಅದರ ವಂಶದ ಬಟ್ಟಲಿನ ಮೇಲೆ ನಡೆದಾಡುತ್ತಿದ್ದಾರೆ.

ಟೆಫ್ಲಾನ್ ಯಾಕೆ ಅಷ್ಟು ಜಾರುತ್ತೆ? ಜಾರೋದೇ ಅದಕ್ಕೆ ಮುಳುವಾಯ್ತು ಅಂತೀರಾ?

ಒಂದರ್ಥದಲ್ಲಿ ಹೌದು. 1938ರ ಏಪ್ರಿಲ್ 6ರಂದು ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್‌ಗೆ ಅನಿಲದ ಸಿಲಿಂಡರಿನೊಳಗೆ ಅಕಸ್ಮಾತ್ ಸಿಕ್ಕ ಬಿಳಿ ಪುಡಿ ಇದು. ಇದರ ಅಣು ಉದ್ದನೆಯ ಇಂಗಾಲದ ಸರಪಳಿ, ಸುತ್ತಲೂ ಫ್ಲೋರಿನ್ ಒತ್ತಾಗಿ ಕೂತು ಹೊರಮೈ ನುಣ್ಣಗಿರುತ್ತದೆ. ಪಕ್ಕಕ್ಕೆ ಚಾಚಿದ ಕೊಂಬೆಗಳಿಲ್ಲ, ಪಕ್ಕದ ಸರಪಳಿಯ ಮೇಲೆ ಹಿಡಿತವೂ ಇಲ್ಲ. ಎಳೆದಾಗ ಪದರಗಳು ಇಸ್ಪೀಟ್ ಎಲೆಗಳ ಕಟ್ಟಿನಂತೆ ಒಂದರ ಮೇಲೊಂದು ಸರಿಯುತ್ತವೆ. ಉಕ್ಕಿನ ಮೇಲೆ ನಿಧಾನವಾಗಿ ಜಾರಿಸಿದರೆ ಘರ್ಷಣಾ ಗುಣಾಂಕ (ಜಾರಿಸುವ ಬಲವನ್ನು ಒತ್ತುವ ಭಾರದಿಂದ ಭಾಗಿಸಿದ್ದು) 0.05ರ ಆಸುಪಾಸು.

ಸುಲಭವಾಗಿ ಸರಿಯುವ ಪದರ ಸುಲಭವಾಗಿ ಕಳಚಿಯೂ ಬೀಳುತ್ತದೆ. ಶುದ್ಧ ಟೆಫ್ಲಾನ್ ಉಕ್ಕಿಗೆ ಬಿಗಿಯಾಗಿ ಅಂಟದೆ ದೊಡ್ಡ ದೊಡ್ಡ ಚಕ್ಕೆಗಳಾಗಿ ಏಳುತ್ತದೆ. ಕೂತ ಪದರ ಮರುಸುತ್ತಿನಲ್ಲೇ ಕಿತ್ತುಹೋಗಿ ಹೊಸದು ಬೇಕಾಗುತ್ತದೆ. ಹಾಗಾಗಿ ಬುಷ್‌ಗೆ ಶುದ್ಧ ಟೆಫ್ಲಾನ್ ಬಳಸಬೇಡಿ. ಗಾಜಿನ ನಾರು, ಕಾರ್ಬನ್ ಅಥವಾ ಕಂಚಿನ ಪುಡಿ ಬೆರೆಸಿದ್ದನ್ನು ತೆಗೆದುಕೊಳ್ಳಿ. ಆ ಬೆರಕೆಯಿಂದ ಸವೆತ ನೂರು ಪಟ್ಟು, ಕೆಲವು ಬೆರಕೆಗಳಲ್ಲಿ ಸಾವಿರ ಪಟ್ಟು ಇಳಿಯುತ್ತದೆ. ಘರ್ಷಣೆ ಏರುವುದು ಸ್ವಲ್ಪ ಮಾತ್ರ.

ಅಂಗಡಿಯಲ್ಲಿ ಎಲ್ಲಾ ಬಿಳೀ ರಾಡೇ ತೋರಿಸ್ತಾರೆ. ನೈಲಾನ್, ಡೆಲ್ರಿನ್, ಟೆಫ್ಲಾನ್ ಹೇಗೆ ಗುರುತಿಸೋದು, ಯಾವುದನ್ನ ತಗೊಳ್ಳೋದು?

ಗುರುತಿಸಲು ತೂಕ ಸಾಕು. ಅತಿ ಹೆಚ್ಚು ಅಣುತೂಕದ ಪಾಲಿಎಥಿಲಿನ್, ಅಂದರೆ ಯುಎಚ್‌ಎಂಡಬ್ಲ್ಯೂ, ನೀರಿನಲ್ಲಿ ತೇಲುತ್ತದೆ (ಸಾಂದ್ರತೆ ಸುಮಾರು 0.93). ನೈಲಾನ್ (1.14) ಮುಳುಗುತ್ತದೆ. ಡೆಲ್ರಿನ್ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತವಾದ ಅಸಿಟಾಲ್ (1.41) ಕೈಗೆ ಗಟ್ಟಿ ಅನಿಸುತ್ತದೆ. ಟೆಫ್ಲಾನ್ (ಸುಮಾರು 2.2) ಅದೇ ಗಾತ್ರದ ನೈಲಾನಿನ ಹತ್ತಿರ ಹತ್ತಿರ ಎರಡರಷ್ಟು ಭಾರ.

ಆಯ್ಕೆಯಲ್ಲಿ ನನ್ನ ಅನುಭವ ಇಷ್ಟು: ನಮ್ಮ ವರ್ಕ್‌ಶಾಪ್‌ಗಳಲ್ಲಿ ನೈಲಾನನ್ನು ಅತಿಯಾಗಿ ಬಳಸುತ್ತಾರೆ, ಸುಲಭವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ. ಅಳತೆ ಬಿಗಿಯಾಗಿರಬೇಕಾದಲ್ಲಿ, ತೇವ ಇರುವಲ್ಲಿ ಅಸಿಟಾಲ್ ಮೇಲು. ಪೆಟ್ಟು ಬೀಳುವಲ್ಲಿ, ಅಲುಗಾಟ ಇರುವಲ್ಲಿ ನೈಲಾನ್ ಒಳ್ಳೆಯದು. ಮಣ್ಣು, ಮರಳು, ಕಾಳು ಹರಿಯುವ ಜಾರುಹಾದಿಗಳಿಗೆ ಯುಎಚ್‌ಎಂಡಬ್ಲ್ಯೂಗೆ ಸಾಟಿಯಿಲ್ಲ, ಆದರೆ ಅದು 130 ಡಿಗ್ರಿ ದಾಟುತ್ತಿದ್ದಂತೆ ಕರಗುತ್ತದೆ, ಭಾರಕ್ಕೆ ಅದಕ್ಕೂ ಬಹಳ ಮೊದಲೇ ಮಣಿಯುತ್ತದೆ. ಬಿಸಿ ಹೆಚ್ಚಿರುವಲ್ಲಿ ಪೀಕ್ ಎಂಬ ಪ್ಲಾಸ್ಟಿಕ್ (ಕರಗುವುದು 343 ಡಿಗ್ರಿಯಲ್ಲಿ). ಅದರ ಬೇರಿಂಗ್ ದರ್ಜೆಯಲ್ಲಿ ಕಾರ್ಬನ್ ನಾರು, ಗ್ರಾಫೈಟ್, ಟೆಫ್ಲಾನ್ ಮೂರನ್ನೂ ಸೇರಿಸಿರುತ್ತಾರೆ. ಬೆಲೆ ಮಾತ್ರ ಎದೆ ನಡುಗಿಸುತ್ತದೆ.

## ಕೆಲಸಕ್ಕೆ ಕೈಹಾಕಿದವರು ಕೇಳುವುದು

ಬೇಸಿಗೆಯಲ್ಲಿ ಸಲೀಸಾಗಿ ಓಡ್ತಿದ್ದ ನೈಲಾನ್ ಬುಷ್ ಮಳೆಗಾಲದಲ್ಲಿ ಜಾಮ್ ಆಯ್ತು. ಮೆಟೀರಿಯಲ್ ಡೂಪ್ಲಿಕೇಟಾ?

ಅಸಲಿ ನೈಲಾನೇ ಇರಬೇಕು, ಹಾಗಾಗಿಯೇ ಜಾಮ್ ಆಗಿದೆ. ನೈಲಾನ್ ನೀರು ಕುಡಿಯುತ್ತದೆ. ಸಾಧಾರಣ ತೇವದ ಗಾಳಿಯಲ್ಲಿ ನೈಲಾನ್ 6 ತನ್ನ ತೂಕದ ಶೇ. 2.5ರಿಂದ 3ರಷ್ಟು ನೀರು ಹಿಡಿದುಕೊಳ್ಳುತ್ತದೆ, ನೀರಿನಲ್ಲೇ ಮುಳುಗಿಸಿಟ್ಟರೆ ಶೇ. 9ರ ಮೇಲೆ. ಕರಾವಳಿಯ ಜುಲೈ ತಿಂಗಳಿಗೆ ಇವೆರಡರ ನಡುವಿನ ಅಂಕಿ ಇಟ್ಟುಕೊಳ್ಳಿ. ಕುಡಿದ ನೀರಿಗೆ ತಕ್ಕಂತೆ ಉಬ್ಬುತ್ತದೆ.

ಒಂದು ಲೆಕ್ಕ ನೋಡಿ. ಒಳವ್ಯಾಸ 25 ಮಿಮೀ, ಹೊರವ್ಯಾಸ 35 ಮಿಮೀ ಇರುವ ಬುಷ್ ಉಕ್ಕಿನ ಹೌಸಿಂಗಿನಲ್ಲಿ ಬಿಗಿಯಾಗಿ ಕೂತಿದೆ. ಅದು ಉದ್ದಳತೆಯಲ್ಲಿ ಶೇ. 0.6 ಉಬ್ಬಿತು ಅನ್ನೋಣ, ಶೇ. 2.5 ನೀರಿಗೆ ಸುಮಾರಾಗಿ ಅಷ್ಟಾಗುತ್ತದೆ. ಬಿಡಿಯಾಗಿದ್ದರೆ ರಂಧ್ರವೂ ದೊಡ್ಡದಾಗುತ್ತಿತ್ತು. ಆದರೆ ಹೊರಗೆ ಉಕ್ಕು ಹಿಡಿದಿದೆ, ಉಬ್ಬಿದ್ದೆಲ್ಲ ಒಳಕ್ಕೇ ಬರಬೇಕು. ಅಡ್ಡಕೊಯ್ತದ ಕ್ಷೇತ್ರದ ಲೆಕ್ಕ ಹಾಕಿದರೆ ರಂಧ್ರ 0.14 ಮಿಮೀವರೆಗೆ ಕಿರಿದಾಗುತ್ತದೆ. ಗನ್‌ಮೆಟಲ್ ಬುಷ್‌ಗೆ ಕೊಡುವ ಕ್ಲಿಯರೆನ್ಸ್ (ಶಾಫ್ಟ್ ಮತ್ತು ರಂಧ್ರದ ನಡುವಿನ ಸಡಿಲ) ಅದರ ಅರ್ಧವೂ ಇರುವುದಿಲ್ಲ. ಶಾಫ್ಟ್ ಕಚ್ಚಿಕೊಳ್ಳದೆ ಇನ್ನೇನು ಮಾಡೀತು?

ಪರಿಹಾರ: ಬುಷ್‌ನ ಗೋಡೆ ತೆಳುವಾಗಿರಲಿ, ಉಬ್ಬಲು ವಸ್ತುವೇ ಕಡಿಮೆಯಾಗುತ್ತದೆ. ಲೋಹದ ಬುಷ್‌ನ ಡ್ರಾಯಿಂಗ್ ತೆಗೆದು 'ನೈಲಾನ್' ಎಂದು ಬರೆದು ಕೊಡಬೇಡಿ, ಕ್ಲಿಯರೆನ್ಸ್ ಹೊಸದಾಗಿ ಲೆಕ್ಕ ಹಾಕಿ. ಉದ್ದಕ್ಕೆ ಓರೆಯಾಗಿ ಒಂದು ಸೀಳು ಕೊಟ್ಟರೆ ಉಬ್ಬಲು ಜಾಗ ಸಿಗುತ್ತದೆ. ಬಿಗಿ ಅಳತೆ ಬೇಕೇ ಬೇಕೆಂದರೆ ಅಸಿಟಾಲ್‌ಗೆ ಹೋಗಿ, ಅದು ಕುಡಿಯುವ ನೀರು ಬಹಳ ಕಡಿಮೆ.

ಪಿವಿ, ಪಿವಿ ಅಂತಾರಲ್ಲ, ಅದನ್ನ ನಮ್ಮ ಬುಷ್‌ಗೆ ಲೆಕ್ಕ ಹಾಕೋದು ಹೇಗೆ?

ಪಿ ಅಂದರೆ ಒತ್ತಡ, ವಿ ಅಂದರೆ ಜಾರುವ ವೇಗ. ಎರಡರ ಗುಣಲಬ್ಧಕ್ಕೆ ಘರ್ಷಣಾ ಗುಣಾಂಕ ಗುಣಿಸಿದರೆ ಪ್ರತಿ ಚದರ ಮಿಲಿಮೀಟರಿನಲ್ಲಿ ಹುಟ್ಟುವ ಶಾಖ ಬರುತ್ತದೆ. ಪ್ಲಾಸ್ಟಿಕ್ ಬುಷ್‌ನ ಮೊದಲ ಶತ್ರು ಆ ಶಾಖ.

ಒತ್ತಡ ಕಾಣಲು ಭಾರವನ್ನು ರಂಧ್ರದ ವ್ಯಾಸ ಮತ್ತು ಬುಷ್‌ನ ಉದ್ದದ ಗುಣಲಬ್ಧದಿಂದ ಭಾಗಿಸಿ. 20 ಮಿಮೀ ರಂಧ್ರ, 20 ಮಿಮೀ ಉದ್ದ, 200 ನ್ಯೂಟನ್ (ಸುಮಾರು 20 ಕೆಜಿ) ಭಾರ ಇದ್ದರೆ ಒತ್ತಡ 0.5 ಎಂಪಿಎ (ಮೆಗಾಪಾಸ್ಕಲ್, ಅಂದರೆ ಚದರ ಮಿಮೀಗೆ ಅಷ್ಟು ನ್ಯೂಟನ್). ಶಾಫ್ಟ್ ನಿಮಿಷಕ್ಕೆ 100 ಸುತ್ತು ತಿರುಗಿದರೆ ವೇಗ ಸೆಕೆಂಡಿಗೆ 0.105 ಮೀಟರ್. ಪಿವಿ 0.05ಕ್ಕಿಂತ ಚೂರು ಹೆಚ್ಚು. ಬೆರಕೆಯಿಲ್ಲದ, ಎಣ್ಣೆಯಿಲ್ಲದ ನೈಲಾನ್ ಅಥವಾ ಅಸಿಟಾಲ್‌ಗೆ ಮಿತಿ ಸುಮಾರು 0.1. ಶುದ್ಧ ಟೆಫ್ಲಾನ್‌ಗೆ ಸುಮಾರು 0.06, ಬೆರಕೆ ಟೆಫ್ಲಾನ್‌ಗೆ 0.35ರ ಆಸುಪಾಸು. ಅಂದರೆ ಈ ಬುಷ್ ಅಸಿಟಾಲಿನಲ್ಲಿ ನಿರಾಳವಾಗಿ ಓಡುತ್ತದೆ, ಶುದ್ಧ ಟೆಫ್ಲಾನಿನಲ್ಲಿ ಅಂಚಿನ ಮೇಲೆ ನಿಲ್ಲುತ್ತದೆ.

ಇವೆಲ್ಲ ಸುಮಾರು 23 ಡಿಗ್ರಿ ಕೋಣೆಯಲ್ಲಿ ಅಳೆದ ಮಿತಿಗಳು. ಮೇ ತಿಂಗಳಲ್ಲಿ ರಾಯಚೂರಿನ ತಗಡಿನ ಶೆಡ್ಡಿನೊಳಗೆ ಅವೇ ಅಂಕಿಗಳನ್ನು ನಂಬಿಕೊಂಡು ಕೂತರೆ ಬುಷ್ ಕರಗಬಹುದು, ಅಲ್ಲಿ ಅರ್ಧಕ್ಕೇ ನಿಲ್ಲಿಸುವುದು ಕ್ಷೇಮ. ಇನ್ನೊಂದು ಮಾತು: ಉಕ್ಕು ಶಾಖವನ್ನು ಪ್ಲಾಸ್ಟಿಕ್‌ಗಿಂತ ನೂರು ಪಟ್ಟಿಗೂ ಹೆಚ್ಚು ಚೆನ್ನಾಗಿ ಸಾಗಿಸುತ್ತದೆ, ಬಿಸಿಯೆಲ್ಲ ಹೊರಗೆ ಹೋಗುವುದು ಬಹುಪಾಲು ಶಾಫ್ಟಿನ ದಾರಿಯಲ್ಲೇ. ಸ್ಟೇನ್‌ಲೆಸ್ ಶಾಫ್ಟ್ ಸಾದಾ ಉಕ್ಕಿನ ಮೂರನೇ ಒಂದರಷ್ಟು ಶಾಖವನ್ನಷ್ಟೇ ಸಾಗಿಸುತ್ತದೆ ಎಂಬುದನ್ನು ಮರೆಯಬೇಡಿ. ಪ್ಲಾಸ್ಟಿಕ್ ಶಾಫ್ಟಿಗೆ ಪ್ಲಾಸ್ಟಿಕ್ ಬುಷ್ ಹಾಕಿದರೆ ಬಿಸಿಗೆ ದಾರಿಯೇ ಇರುವುದಿಲ್ಲ.

ಗ್ರೀಸ್ ಹಚ್ಚಬೇಕೋ ಬ್ಯಾಡೋ? ಒಬ್ಬೊಬ್ಬರು ಒಂದೊಂದು ಹೇಳ್ತಾರ್ರೀ.

ಶುಚಿಯಾದ, ಮುಚ್ಚಿದ ಜಾಗದಲ್ಲಿ ನೈಲಾನ್ ಅಥವಾ ಅಸಿಟಾಲ್ ಓಡುತ್ತಿದ್ದರೆ ಜೋಡಿಸುವಾಗ ಒಮ್ಮೆ ಗ್ರೀಸ್ ಹಚ್ಚಿರಿ, ಒಳ್ಳೆಯದೇ ಆಗುತ್ತದೆ. ಘರ್ಷಣೆ 0.3ರಿಂದ 0.1ರ ಕಡೆಗೆ ಇಳಿಯುತ್ತದೆ, ಬಿಸಿಯೂ ತಗ್ಗುತ್ತದೆ.

ಧೂಳು ಹಾರುವಲ್ಲಿ ಹಚ್ಚಬೇಡಿ. ಗ್ರೀಸಿಗೆ ಧೂಳು ಸೇರಿದರೆ ಅದು ವಾಲ್ವ್ ಉಜ್ಜುವ ಪೇಸ್ಟೇ ಆಗಿಬಿಡುತ್ತದೆ. ಬೆರಕೆ ಟೆಫ್ಲಾನ್‌ನಂಥ, ಒಣಗಿ ಓಡಲೆಂದೇ ಮಾಡಿದ ವಸ್ತುಗಳಿಗೂ ಆಗೊಂದು ಈಗೊಂದು ಹನಿ ಎಣ್ಣೆ ಬಿಡುವ ಅಭ್ಯಾಸ ಕೆಟ್ಟದ್ದು. ಫಿಲ್ಮ್ ಕೂರುವುದಕ್ಕೂ ಬಿಡದೆ, ಎಣ್ಣೆಯ ಆಸರೆಯನ್ನೂ ಪೂರ್ತಿ ಕೊಡದೆ ನಡುನೀರಿನಲ್ಲಿ ಕೈಬಿಟ್ಟಂತಾಗುತ್ತದೆ. ಕೊಟ್ಟರೆ ಸದಾ ಕೊಡಬೇಕು, ಇಲ್ಲವೇ ಬಿಡಬೇಕು. ಪಾಲಿಕಾರ್ಬೊನೇಟ್, ಎಬಿಎಸ್‌ನಂಥ ಪಾರದರ್ಶಕ ಅಥವಾ ಗಟ್ಟಿ ಕವಚದ ಪ್ಲಾಸ್ಟಿಕ್ ಹತ್ತಿರದಲ್ಲಿದ್ದರೆ ಗ್ರೀಸ್ ಯಾವುದೆಂದು ನೋಡಿಯೇ ಹಚ್ಚಿ. ಕೆಲವು ಎಣ್ಣೆಗಳು ತಾಗಿದರೆ ಬಿಗಿತದಲ್ಲಿರುವ ಭಾಗ ತಾನಾಗಿ ಸೀಳು ಬಿಡುತ್ತದೆ.

ನೀರೊಳಗೆ ಓಡೋ ಬುಷ್‌ಗೆ ನೀರೇ ಎಣ್ಣೆ ಆಗಲ್ವಾ?

ವೇಗ ಸಾಕಷ್ಟಿದ್ದು ನೀರಿನ ತೆಳು ಪದರದ ಮೇಲೆ ಶಾಫ್ಟ್ ತೇಲುವಂತಿದ್ದರೆ ಆಗುತ್ತದೆ, ನೀರು ಬಿಸಿಯನ್ನೂ ಒಯ್ಯುತ್ತದೆ. ನಿಧಾನದ ವೇಗದಲ್ಲಿ ಮಾತ್ರ ನೀರು ವರ್ಗಾವಣೆ ಪದರ ಕೂರಲು ಬಿಡುವುದಿಲ್ಲ. ಒಣಗಿದ್ದಾಗ ಅದ್ಭುತವಾಗಿ ಓಡುವ ಬೆರಕೆ ಟೆಫ್ಲಾನ್ ನೀರಿನಲ್ಲಿ ಹಲವು ಪಟ್ಟು ಬೇಗ ಸವೆಯುವುದುಂಟು. ಕೊಳವೆಬಾವಿಯ ನೀರಿನಲ್ಲಿ ಮರಳೂ ಬರುತ್ತದೆ, ಆಗ ಲೆಕ್ಕವೇ ಬೇರೆ.

ಶಾಫ್ಟನ್ನ ಕನ್ನಡಿ ಹಾಗೆ ಪಾಲಿಷ್ ಮಾಡಿಸಿದೆ. ಆದ್ರೂ ಬುಷ್ ಮೊದಲಿಗಿಂತ ಬೇಗ ಹೋಯ್ತು. ಇದ್ಯಾವ ನ್ಯಾಯ?

ಒರಟು ಶಾಫ್ಟ್ ಪ್ಲಾಸ್ಟಿಕ್ಕನ್ನು ಅರದಂತೆ ಕೆರೆಯುತ್ತದೆ, ಅದು ಎಲ್ಲರಿಗೂ ಗೊತ್ತು. ಅತಿ ನುಣುಪಾದರೆ ಎರಡು ತೊಂದರೆ. ಪ್ಲಾಸ್ಟಿಕ್ ಮತ್ತು ಲೋಹ ನಿಜವಾಗಿ ತಾಗುವ ಕ್ಷೇತ್ರ ಹೆಚ್ಚಿ ಅಂಟಿಕೆ ಬಲವಾಗುತ್ತದೆ. ಜೊತೆಗೆ, ಫಿಲ್ಮ್ ಹಿಡಿದು ನಿಲ್ಲಲು ಬೇಕಾದ ತಗ್ಗುಗಳೇ ಇರುವುದಿಲ್ಲ. ಹೆಚ್ಚಿನ ಒಣ ಬುಷ್‌ಗಳಿಗೆ ಆರ್‌ಎ (ಮೇಲ್ಮೈ ಒರಟಿನ ಸರಾಸರಿ ಅಳತೆ) 0.2ರಿಂದ 0.4 ಮೈಕ್ರಾನ್ ಹಿತ, ಅಂದರೆ ಒಳ್ಳೆಯ ಗ್ರೈಂಡಿಂಗ್ ಫಿನಿಶ್. ಲೇತಿನಲ್ಲಿ ತಿರುಗಿಸಿ ಎಮೆರಿ ಕಾಗದ ಉಜ್ಜಿದ್ದು ಸಾಲದು.

ಯುಎಚ್‌ಎಂಡಬ್ಲ್ಯೂ ಇದಕ್ಕೆ ಅಪವಾದ, ಎದುರಿನ ಮೈ ನುಣುಪಾದಷ್ಟೂ ಅದಕ್ಕೆ ಒಳ್ಳೆಯದು. ಕೃತಕ ಕೀಲಿನ ಲೋಹದ ಗುಂಡನ್ನು 0.05 ಮೈಕ್ರಾನ್‌ಗಿಂತ ನುಣುಪಾಗಿಸುತ್ತಾರೆ. ಆರ್‌ಎ ಅಂಕಿ ಚೆನ್ನಾಗಿದ್ದರೂ ಒಂದೇ ಒಂದು ಗೀರು ಎಲ್ಲ ಕೆಡಿಸಬಹುದು ಎಂಬುದನ್ನೂ ತಿಳಿದಿರಿ. ಚಲನೆಗೆ ಅಡ್ಡಲಾಗಿ ಬಿದ್ದ ಗೀರಿನ ಅಂಚು ಎದ್ದು ನಿಂತು ಪ್ರತಿ ಸುತ್ತಿನಲ್ಲೂ ಪ್ಲಾಸ್ಟಿಕ್ಕನ್ನು ಹೆರೆಯುತ್ತದೆ, ಸರಾಸರಿ ಅಂಕಿಯಲ್ಲಿ ಅದು ಕಾಣುವುದೇ ಇಲ್ಲ. ಜೋಡಿಸುವಾಗ ಸ್ಕ್ರೂ ಡ್ರೈವರ್ ತಾಗಿಸಿ ಮಾಡಿದ ಗೀರಿಗೂ ಈ ಮಾತು ಸಲ್ಲುತ್ತದೆ.

ಪ್ಲಾಸ್ಟಿಕ್ ಬುಷ್ ಹೊಸದರ ಹಾಗೆ ಇದೆ, ಶಾಫ್ಟಲ್ಲಿ ಮಾತ್ರ ತೋಡು ಬಿದ್ದಿದೆ! ಮೆತ್ತಗಿನದು ಗಟ್ಟಿಯನ್ನ ತಿನ್ನೋದು ಹೇಗೆ?

ತಿಂದದ್ದು ಪ್ಲಾಸ್ಟಿಕ್ ಅಲ್ಲ, ಅದರೊಳಗಿರುವುದು. ಬುಷ್ ಗಾಜಿನ ನಾರು ಬೆರೆಸಿದ್ದಾಗಿದ್ದರೆ, ಮೇಲಿನ ಪ್ಲಾಸ್ಟಿಕ್ ಸವೆದ ಮೇಲೆ ನಾರಿನ ತುದಿಗಳು ಹೊರಗೆ ಬಂದು ಶಾಫ್ಟನ್ನು ಗೀರುತ್ತವೆ. ಮೆದು ಉಕ್ಕು, 304 ಸ್ಟೇನ್‌ಲೆಸ್, ಅಲ್ಯೂಮಿನಿಯಂ, ಹಿತ್ತಾಳೆ ಇವು ತಡೆಯುವುದಿಲ್ಲ. ಗಾಜು ಬೆರೆಸಿದ್ದಕ್ಕೆ ಶಾಫ್ಟ್ ಕನಿಷ್ಠ 50 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ) ಗಟ್ಟಿ ಇರಲಿ, ಇಲ್ಲವೇ ಹಾರ್ಡ್ ಕ್ರೋಮ್ ಮಾಡಿಸಿ.

ಬೆರಕೆಯಿಲ್ಲದ ನೈಲಾನಾಗಿದ್ದರೆ ಹೊರಗಿನ ಮರಳಿನ ಕಣ ಕಾರಣ. ಮೆದು ಪ್ಲಾಸ್ಟಿಕ್‌ನಲ್ಲಿ ಕಣ ನಾಟಿಕೊಂಡು ಕೂರುತ್ತದೆ, ಶಾಫ್ಟ್ ತಿರುಗಿದಂತೆಲ್ಲ ಒಂದೇ ಜಾಗವನ್ನು ಉಜ್ಜುತ್ತದೆ. ಇಂಥ ಕಡೆ ಬುಷ್‌ಗಿಂತ ಮೊದಲು ಸೀಲಿನ ಬಗ್ಗೆ ಯೋಚಿಸಬೇಕು.

ಗಟ್ಟಿ ಇರಲಿ ಅಂತ ಶೇ. 30 ಗಾಜು ಬೆರೆಸಿದ ನೈಲಾನ್ ಹಾಕಿದೆ. ಮಣ್ಣಲ್ಲಿ ಸಾದಾ ನೈಲಾನ್‌ಗಿಂತ ಬೇಗ ಸವೀತು. ಯಾಕೆ?

ಮರಳಿನ ಕಣ ಪ್ಲಾಸ್ಟಿಕ್ಕನ್ನು ಉಳುವಾಗ ಅದನ್ನು ಹರಿದು ತೆಗೆಯಲು ಎಷ್ಟು ಶಕ್ತಿ ಬೇಕು ಎಂಬುದು ಮುಖ್ಯ. ಆ ಶಕ್ತಿ ಕರ್ಷಣ ಬಲ ಒಂದನ್ನೇ ನೆಚ್ಚಿಲ್ಲ, ಮುರಿಯುವ ಮುನ್ನ ವಸ್ತು ಎಷ್ಟು ಹಿಗ್ಗುತ್ತದೆ ಎಂಬುದನ್ನೂ ನೆಚ್ಚಿದೆ. ಕೆರೆತದ ಸವೆತ ಈ ಎರಡರ ಗುಣಲಬ್ಧಕ್ಕೆ ವಿಲೋಮವಾಗಿರುತ್ತದೆ. ಈ ಸಂಬಂಧಕ್ಕೆ ರಾಟ್ನರ್ ಮತ್ತು ಲ್ಯಾಂಕಾಸ್ಟರ್ ಅವರ ಹೆಸರಿದೆ. ಸಾದಾ ನೈಲಾನ್ 66 ಸುಮಾರು 80 ಎಂಪಿಎ ತಡೆದು ಹತ್ತಾರು ಶೇಕಡಾ ಹಿಗ್ಗುತ್ತದೆ. ಗಾಜು ಬೆರೆಸಿದ್ದು 180ರ ಹತ್ತಿರ ತಡೆದರೂ ಶೇ. 3ರಷ್ಟು ಹಿಗ್ಗುವಷ್ಟರಲ್ಲಿ ಮುರಿಯುತ್ತದೆ. ಗುಣಿಸಿ ನೋಡಿ, ಗಟ್ಟಿಯಾದದ್ದೇ ಸೋಲುತ್ತದೆ. ಮರಳಿಗೆ ಯುಎಚ್‌ಎಂಡಬ್ಲ್ಯೂ ಜಗ್ಗದಿರುವುದಕ್ಕೂ ಇದೇ ಕಾರಣ, ಅದು ಹರಿದುಹೋಗುವ ಮುನ್ನ ಬಹಳ ಹಿಗ್ಗುತ್ತದೆ.

ಹಳೇ ಲೇತಿನ ಸ್ಯಾಡಲ್ ಜರ್ಕ್ ಹೊಡೀತಾ ಇದೆ. ಟರ್ಸೈಟ್ ಹಾಕಿಸಿದರೆ ಸರಿ ಹೋಗುತ್ತಾ?

ಹೆಚ್ಚಿನ ಸಲ ಹೋಗುತ್ತದೆ. ಬೀಡುಕಬ್ಬಿಣದ ಮೇಲೆ ಬೀಡುಕಬ್ಬಿಣ ನಿಧಾನವಾಗಿ ಜಾರುವಾಗ, ನಿಂತಿದ್ದನ್ನು ಕದಲಿಸಲು ಬೇಕಾದ ಬಲ ಜಾರುತ್ತಿದ್ದಾಗ ಬೇಕಾದ್ದಕ್ಕಿಂತ ಸಾಕಷ್ಟು ಹೆಚ್ಚು. ಸ್ಯಾಡಲ್ (ಬೆಡ್ಡಿನ ಮೇಲೆ, ಅಂದರೆ ಲೇತಿನ ಹಾಸಿನ ಮೇಲೆ, ಟೂಲು ಹೊತ್ತು ಜಾರುವ ಭಾಗ) ಅಂಟಿ ನಿಲ್ಲುತ್ತದೆ, ಸ್ಕ್ರೂ ತಿರುಚಿ ಬಿಗಿಯಾಗುತ್ತದೆ, ಥಟ್ಟನೆ ಬಿಟ್ಟುಕೊಂಡು ಮುಂದೆ ನೆಗೆಯುತ್ತದೆ. ಇದೇ ಸ್ಟಿಕ್-ಸ್ಲಿಪ್. ನೂರನೇ ಒಂದು ಮಿಲಿಮೀಟರ್ ಸರಿಸಲು ಹೋದರೆ ಐದು ಸರಿದಿರುತ್ತದೆ. ಟರ್ಸೈಟ್ ಅಂದರೆ ಕಂಚು ಬೆರೆಸಿದ ಟೆಫ್ಲಾನ್ ಹಾಳೆ. ಟೆಫ್ಲಾನಿನಲ್ಲಿ ನಿಂತಾಗಿನ ಮತ್ತು ಓಡುವಾಗಿನ ಘರ್ಷಣೆಗೆ ಅಂತರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ನೆಗೆತಕ್ಕೆ ಆಸ್ಪದವೇ ಇರುವುದಿಲ್ಲ.

1953ರಲ್ಲಿ ಎಚ್‌ಎಂಟಿ ಶುರುವಾದ ಬೆಂಗಳೂರಿನಲ್ಲಿ ಮೆಶಿನ್ ಟೂಲ್ ಕೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ, ಪೀಣ್ಯದ ಕಡೆ ಸ್ಕ್ರೇಪಿಂಗ್ (ಮೈಯನ್ನು ಕೈಯಿಂದ ಹೆರೆದು ಸಪಾಟು ಮಾಡುವ ಕೆಲಸ) ಗೊತ್ತಿರುವ ಹಿರಿಯರನ್ನು ಹುಡುಕಿ ಮಾಡಿಸಿ. ಕೆಲಸದಲ್ಲಿ ನೋಡಿಕೊಳ್ಳಬೇಕಾದ್ದು ಇಷ್ಟು. ಹಾಳೆ ಅಂಟಿಸಬೇಕಾದ್ದು ಸ್ಯಾಡಲಿನ ಅಡಿಗೆ, ಬೆಡ್ಡಿಗಲ್ಲ. ಹಾಳೆಯ ಒಂದು ಮುಖವನ್ನು ರಾಸಾಯನಿಕದಿಂದ ಎಚ್ ಮಾಡಿರುತ್ತಾರೆ, ಬಣ್ಣ ಗಾಢವಾಗಿರುವ ಆ ಮುಖಕ್ಕೇ ಎಪಾಕ್ಸಿ ಹಚ್ಚಬೇಕು. ಇನ್ನೊಂದು ಮುಖಕ್ಕೆ ಯಾವ ಗೋಂದೂ ಹಿಡಿಯುವುದಿಲ್ಲ. ಬೀಡಿನ ಮೇಲಿನ ಎಣ್ಣೆಯನ್ನು ಪೂರ್ತಿ ತೆಗೆಯದೆ ಅಂಟಿಸಿದರೆ ಹಾಳೆ ಆರು ತಿಂಗಳಲ್ಲಿ ಎದ್ದುಬರುತ್ತದೆ. ಒಣಗಿದ ಮೇಲೆ ಎಲ್ಲೆಲ್ಲಿ ತಾಗುತ್ತದೆಂದು ನೀಲಿ ಬಣ್ಣ ಹಚ್ಚಿ ನೋಡಿ ಸ್ಕ್ರೇಪ್ ಮಾಡಿ, ಎಣ್ಣೆ ಹರಿಯುವ ತೋಡು ಕೊರೆಯಬೇಕು. ತೋಡು ಹಾಳೆಯನ್ನು ಸೀಳಿ ಅಂಟಿನವರೆಗೆ ಇಳಿಯಬಾರದು. ಕೊನೆಯದಾಗಿ, ಲೋಹದ ಚೂರು (ಚಿಪ್ಸ್) ಒಳಗೆ ಹೋಗದಂತೆ ತಡೆಯುವ ವೈಪರ್ ಇರಲಿ. ಚಿಪ್ಸ್ ಒಳಗೆ ಹೋಗಿ ಟರ್ಸೈಟಿನಲ್ಲಿ ನಾಟಿದರೆ ಬೆಡ್ಡಿನ ಕಥೆ ಮುಗಿಯಿತು.

ಫ್ಲೈಓವರ್ ಕೆಳಗೂ ಟೆಫ್ಲಾನ್ ಇರುತ್ತೆ ಅಂತಾರೆ. ಅಷ್ಟು ಭಾರಕ್ಕೆ ಅದು ಹಿಂಡಿ ಹೋಗಲ್ವಾ?

ಬಿಡಿಯಾಗಿಟ್ಟರೆ ಹಿಂಡಿ ಹೋಗುತ್ತದೆ. ಭಾರ ಹೊತ್ತು ಕೂತರೆ ಟೆಫ್ಲಾನ್ ನಿಧಾನವಾಗಿ ಹರಿಯುವ ವಸ್ತು. ಅದಕ್ಕಾಗಿ ಹಾಳೆಯನ್ನು ಉಕ್ಕಿನ ಫಲಕದಲ್ಲಿ ಕೊರೆದ ಗುಳಿಯೊಳಗೆ ಅರ್ಧದಷ್ಟು ಇಳಿಸಿ, ಸುತ್ತಲಿಂದ ಕಟ್ಟಿಹಾಕಿರುತ್ತಾರೆ. ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ತಗಡು ಜಾರುತ್ತದೆ. ಟೆಫ್ಲಾನಿನ ಮೈಮೇಲೆ ಚಿಕ್ಕ ಕುಳಿಗಳನ್ನು ಒತ್ತಿ ಸಿಲಿಕೋನ್ ಗ್ರೀಸ್ ತುಂಬಿರುತ್ತಾರೆ. ನಮ್ಮಲ್ಲಿ ಇಂಥ ಬೇರಿಂಗ್‌ಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 83ರ 3ನೇ ಭಾಗ ಮಾನದಂಡ.

30 ಮೀಟರ್ ಉದ್ದದ ಕಾಂಕ್ರೀಟ್ ಗರ್ಡರ್ 20 ಡಿಗ್ರಿ ಬಿಸಿಯಾದರೆ ಸುಮಾರು 6 ಮಿಮೀ ಉದ್ದವಾಗುತ್ತದೆ. ಆ ಚಲನೆ ಗಂಟೆಗಟ್ಟಲೆ ತೆಗೆದುಕೊಂಡು ನಡೆಯುವಂಥದ್ದು, ಟೆಫ್ಲಾನಿಗೆ ಅತ್ಯಂತ ಪ್ರಿಯವಾದ ವೇಗ ಅದು. ಒತ್ತಡ ಹೆಚ್ಚಿದಂತೆ ಘರ್ಷಣಾ ಗುಣಾಂಕ ಇಳಿಯುವುದರಿಂದ ಭಾರ ಇಲ್ಲಿ ಅನುಕೂಲವೇ.

ಟೆಫ್ಲಾನ್ ಟರ್ನಿಂಗ್ ಮಾಡುವಾಗ ಬರೋ ಪುಡಿ ಅಪಾಯವಾ?

ತಣ್ಣಗಿರುವ ಪುಡಿ ಅಷ್ಟಾಗಿ ಏನೂ ಮಾಡದು. ಬಿಸಿಯಾದರೆ ಅಪಾಯ. 350 ಡಿಗ್ರಿ ದಾಟಿದ ಮೇಲೆ ಅದು ಒಡೆದು ವಿಷದ ಹೊಗೆ ಬಿಡುತ್ತದೆ, ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಜ್ವರ, ಚಳಿ, ಎದೆ ಬಿಗಿತ ಬರುತ್ತದೆ. ಕೈಗೆ ಹತ್ತಿದ ಪುಡಿ ಬೀಡಿ, ಸಿಗರೇಟಿಗೆ ತಗುಲಿ ಉರಿದರೂ ಅದೇ ಪರಿಣಾಮ. ಟೆಫ್ಲಾನ್ ಕೆಲಸ ಮಾಡುವಲ್ಲಿ ಧೂಮಪಾನ ಖಂಡಿತ ಬೇಡ, ಕೈ ತೊಳೆದೇ ಹೊರಗೆ ಹೋಗಿ, ಚೂರುಗಳನ್ನು ಸುಡಬೇಡಿ. ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ.

## ಆಳಕ್ಕೆ ಇಳಿದವರಿಗೆ

ಘರ್ಷಣಾ ಗುಣಾಂಕ ಭಾರವನ್ನೂ ವೇಗವನ್ನೂ ಅವಲಂಬಿಸಲ್ಲ ಅಂತ ಪುಸ್ತಕದಲ್ಲಿ ಓದಿದ್ವಿ. ನಮ್ಮ ರೀಡಿಂಗ್ ಪ್ರತಿ ಸಲ ಬೇರೆ ಬರ್ತಿದೆಯಲ್ಲಾ?

ರೀಡಿಂಗ್ ಸರಿಯಿರಬಹುದು. 1699ರಲ್ಲಿ ಅಮೊಂಟನ್ಸ್ ಹೇಳಿದ ನಿಯಮ ಲೋಹಗಳಿಗೆ ಚೆನ್ನಾಗಿ ಹೊಂದುವುದು, ಅಲ್ಲಿ ನಿಜವಾದ ಸ್ಪರ್ಶ ಕ್ಷೇತ್ರ ಭಾರದ ಅನುಪಾತದಲ್ಲೇ ಬೆಳೆಯುತ್ತದೆ ಎಂಬ ಕಾರಣಕ್ಕೆ. ಪ್ಲಾಸ್ಟಿಕ್ ಸ್ಥಿತಿಸ್ಥಾಪಕವಾಗಿ ತಗ್ಗುತ್ತದೆ. ಒಂದು ಗುಂಡು ಮತ್ತು ಸಪಾಟು ಮೈಯ ಸ್ಪರ್ಶದಲ್ಲಿ ಕ್ಷೇತ್ರ ಭಾರದ ಮೂರನೇ ಎರಡು ಘಾತದಂತೆ ಬೆಳೆಯುತ್ತದೆ. ಘರ್ಷಣ ಬಲ ಕ್ಷೇತ್ರವನ್ನು ಅನುಸರಿಸುವುದರಿಂದ, ಭಾರ ಎಂಟು ಪಟ್ಟು ಮಾಡಿದರೆ ಬಲ ನಾಲ್ಕು ಪಟ್ಟಾಗಿ ಗುಣಾಂಕ ಅರ್ಧಕ್ಕೆ ಇಳಿಯುತ್ತದೆ.

ವೇಗದ ಕಥೆ ಇನ್ನೂ ಸೂಕ್ಷ್ಮ. ಪ್ಲಾಸ್ಟಿಕ್ ಅರ್ಧ ಸ್ಥಿತಿಸ್ಥಾಪಕ, ಅರ್ಧ ಸ್ನಿಗ್ಧ (ಜೇನಿನಂತೆ ನಿಧಾನವಾಗಿ ಹರಿಯುವಂಥದ್ದು). ಸರಪಳಿಗಳಿಗೆ ಹೊರಳಲು ಸಮಯ ಸಿಕ್ಕರೆ ಒಂದು ಘರ್ಷಣೆ, ಸಿಗದಿದ್ದರೆ ಇನ್ನೊಂದು. ಟೆಫ್ಲಾನ್ ಸೆಕೆಂಡಿಗೆ ಒಂದು ಮಿಲಿಮೀಟರ್ ವೇಗದಲ್ಲಿ 0.05 ತೋರಿಸಿ ಸೆಕೆಂಡಿಗೆ ಮೀಟರಿನಷ್ಟು ವೇಗದಲ್ಲಿ 0.2 ದಾಟುತ್ತದೆ. ವೇಗ ಹೆಚ್ಚಿದರೆ ಬಿಸಿಯೂ ಏರುವುದರಿಂದ ಎರಡು ಪರಿಣಾಮಗಳೂ ಹೆಣೆದುಕೊಳ್ಳುತ್ತವೆ. ವರದಿಯಲ್ಲಿ ಭಾರ, ವೇಗ, ಉಷ್ಣತೆ, ತೇವ ಬರೆಯದೆ ಗುಣಾಂಕ ಒಂದನ್ನೇ ಬರೆದರೆ ಓದಿದವರಿಗೆ ಉಪಯೋಗವಿಲ್ಲ.

ಬುಷ್ ಎಷ್ಟು ದಿನ ಬಾಳುತ್ತೆ ಅಂತ ಮೊದಲೇ ಲೆಕ್ಕ ಹಾಕಬಹುದಾ?

ಅಂದಾಜು ಸಿಗುತ್ತದೆ. 1953ರಲ್ಲಿ ಆರ್ಚರ್ಡ್ ಕೊಟ್ಟ ಸಂಬಂಧದಿಂದ: ಸವೆದ ಗಾತ್ರ = ಸವೆತದ ದರ × ಭಾರ × ಜಾರಿದ ದೂರ. ಬುಷ್‌ಗೆ ಅನುಕೂಲವಾಗುವಂತೆ ತಿರುಗಿಸಿದರೆ, ಸವೆದ ಆಳ = ಸವೆತದ ದರ × ಒತ್ತಡ × ದೂರ.

20 ಮಿಮೀ ಶಾಫ್ಟ್, 0.5 ಎಂಪಿಎ ಒತ್ತಡ, ಸೆಕೆಂಡಿಗೆ 0.105 ಮೀಟರ್ ವೇಗ ಎಂದಿಟ್ಟುಕೊಳ್ಳಿ. ಸಾವಿರ ಗಂಟೆಯಲ್ಲಿ ಜಾರುವ ದೂರ 378 ಕಿಲೋಮೀಟರ್. ಉಕ್ಕಿನ ಮೇಲೆ ಅಸಿಟಾಲಿನ ಸವೆತದ ದರ ಸುಮಾರು ಹತ್ತು ಲಕ್ಷದಲ್ಲೊಂದು ಘನ ಮಿಮೀ, ಪ್ರತಿ ನ್ಯೂಟನ್-ಮೀಟರಿಗೆ. ಗುಣಿಸಿದರೆ ಆಳ 0.19 ಮಿಮೀ. ನಿಮ್ಮ ಯಂತ್ರ 0.4 ಮಿಮೀ ಸಡಿಲ ಸಹಿಸಿದರೆ ಎರಡು ಸಾವಿರ ಗಂಟೆ ಓಡುತ್ತದೆ ಎಂದು ಹೇಳಬಹುದು.

ಈ ಅಂಕಿ ಅರ್ಧವೂ ಆಗಬಹುದು, ಎರಡರಷ್ಟೂ ಆಗಬಹುದು. ಸವೆತದ ದರ ಸ್ಥಿರ ಸಂಖ್ಯೆಯಲ್ಲ. ಫಿಲ್ಮ್ ಕೂರುವವರೆಗೆ ಅದು ಹೆಚ್ಚಿರುತ್ತದೆ, ಬಿಸಿ ಮಿತಿ ದಾಟಿದರೆ ಇದ್ದಕ್ಕಿದ್ದಂತೆ ಹತ್ತಾರು ಪಟ್ಟು ಏರುತ್ತದೆ. ಎರಡು ವಸ್ತುಗಳಲ್ಲಿ ಯಾವುದು ಮೇಲು ಎಂದು ತೀರ್ಮಾನಿಸಲು ಈ ಲೆಕ್ಕ ಚೆನ್ನಾಗಿದೆ, ಗ್ಯಾರಂಟಿ ಕಾರ್ಡ್ ಬರೆಯಲು ಅಲ್ಲ.

ಒಂದು ಚಿಟಿಕೆ ಅಲ್ಯೂಮಿನಾ ಬೆರೆಸಿದರೆ ಟೆಫ್ಲಾನ್ ಸವೆತ ಸಾವಿರ ಪಟ್ಟು ಇಳಿಯುತ್ತೆ ಅಂತ ಓದಿದೆ. ಇದು ನಿಜಾನಾ?

ನಿಜ, ಆದರೆ ಷರತ್ತುಗಳಿವೆ. 2000ದ ದಶಕದಲ್ಲಿ ಅಮೆರಿಕದ ಸಂಶೋಧಕರು ಆಲ್ಫಾ ಹಂತದ (ಒಂದು ಬಗೆಯ ಹರಳು ರಚನೆಯ) ಅತಿ ಸಣ್ಣ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಕಣಗಳನ್ನು ಕೆಲವೇ ಶೇಕಡಾ ಬೆರೆಸಿ ಈ ಫಲಿತಾಂಶ ಕಂಡರು. ಗಾಜು, ಕಂಚು ಬೆರೆಸಿದಾಗ ಅವು ಭಾರ ಹೊತ್ತು ಚಕ್ಕೆ ಏಳುವುದನ್ನು ತಡೆಯುತ್ತವೆ ಎಂದು ವಿವರಿಸಿದರೆ ಸಾಕಾಗುತ್ತಿತ್ತು. ಇಲ್ಲಿ ಅದು ಸಾಲಲಿಲ್ಲ. ಉಜ್ಜುವಾಗ ಟೆಫ್ಲಾನಿನ ಸರಪಳಿ ತುಂಡಾಗುತ್ತದೆ, ತುಂಡಾದ ತುದಿ ಗಾಳಿಯ ಆಮ್ಲಜನಕ ಮತ್ತು ತೇವದೊಂದಿಗೆ ಸೇರಿ ಕಾರ್ಬಾಕ್ಸಿಲ್ ಗುಂಪಾಗುತ್ತದೆ, ಅದು ಒಂದು ಕಡೆ ಉಕ್ಕಿಗೂ ಇನ್ನೊಂದು ಕಡೆ ಅಲ್ಯೂಮಿನಾಗೂ ರಾಸಾಯನಿಕವಾಗಿ ಕಚ್ಚಿಕೊಳ್ಳುತ್ತದೆ. ಯಾವುದಕ್ಕೂ ಅಂಟದ ವಸ್ತುವಿನ ಪದರ ಹೀಗೆ ಕಂದು ಬಣ್ಣದ, ಕೆರೆದರೂ ಬಾರದ ಫಿಲ್ಮ್ ಆಗುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸುಂದರ ವಿವರಣೆ ಇದು.

ತೇವ ತೆಗೆದುಬಿಟ್ಟರೆ, ಅಂದರೆ ಒಣ ಸಾರಜನಕದಲ್ಲೋ ನಿರ್ವಾತದಲ್ಲೋ ಓಡಿಸಿದರೆ, ಸವೆತ ಮತ್ತೆ ಏರುತ್ತದೆ. ಕಣದ ಗಾತ್ರ, ಹಂತ ತಪ್ಪಿದರೂ ಫಲ ಸಿಗದು. ಗ್ರಾಫೈಟಿಗೂ ತೇವ ಬೇಕು, ನಿರ್ವಾತದಲ್ಲಿ ಅದು ಜಾರುವುದಿಲ್ಲ. ಇನ್ನೊಂದು ಒಣ ಜಾರುಪುಡಿ ಮಾಲಿಬ್ಡಿನಂ ಡೈಸಲ್ಫೈಡ್ ತದ್ವಿರುದ್ಧ, ನಿರ್ವಾತದಲ್ಲೇ ಅದರ ನಿಜವಾದ ಗುಣ ತಿಳಿಯುವುದು.

ಇನ್‌ಸ್ಪೆಕ್ಷನ್ ರೂಮಲ್ಲಿ ಬೆಳಿಗ್ಗೆ ರಿಜೆಕ್ಟ್ ಆದ ಟೆಫ್ಲಾನ್ ರಿಂಗ್ ಮಧ್ಯಾಹ್ನ ಪಾಸ್ ಆಗುತ್ತೆ. ಯಾರ ತಪ್ಪು?

ಯಾರದೂ ಅಲ್ಲ. 19 ಡಿಗ್ರಿಯ ಹತ್ತಿರ ಟೆಫ್ಲಾನಿನ ಹರಳಿನ ರಚನೆ ಬದಲಾಗುತ್ತದೆ, ಗಾತ್ರ ಶೇ. 1ರಷ್ಟು ಹಿಗ್ಗುತ್ತದೆ. ವ್ಯಾಸದಲ್ಲಿ ಅದು ಶೇ. 0.3ರ ಮೇಲೆ, 50 ಮಿಮೀ ರಿಂಗಿಗೆ 0.15 ಮಿಮೀ ದಾಟುತ್ತದೆ. ಅಳತೆ ಕೋಣೆಯನ್ನು 20 ಡಿಗ್ರಿಗೆ ಇಡುವುದು ಜಗತ್ತಿನಾದ್ಯಂತ ಪದ್ಧತಿ, ಟೆಫ್ಲಾನಿಗೆ ಅದು ಸರಿಯಾಗಿ ಹೊಸ್ತಿಲ ಮೇಲೆ ನಿಲ್ಲಿಸಿದಂತೆ. 23 ಅಥವಾ 25 ಡಿಗ್ರಿಯಲ್ಲಿ ಹೊತ್ತು ಬಿಟ್ಟು ಅಳೆಯಿರಿ, ಡ್ರಾಯಿಂಗಿನಲ್ಲೂ ಆ ಉಷ್ಣತೆ ಬರೆಯಿರಿ.

ಪಿನ್-ಆನ್-ಡಿಸ್ಕ್ ಟೆಸ್ಟ್ ಮಾಡಿದ ಮೇಲೆ ನೈಲಾನ್ ಪಿನ್ ತೂಕ ಜಾಸ್ತಿ ಬಂತು. ಸವೆತ ಮೈನಸ್ ಅಂತ ಬರೀಲಾ?

ಬೇಡ. ಪಿನ್ ಗಾಳಿಯ ತೇವ ಹೀರಿದೆ. 8 ಮಿಮೀ ವ್ಯಾಸ, 20 ಮಿಮೀ ಉದ್ದದ ಪಿನ್ನಿನ ತೂಕ ಸುಮಾರು 1.15 ಗ್ರಾಂ. 20 ನ್ಯೂಟನ್ ಭಾರದಲ್ಲಿ 5 ಕಿಲೋಮೀಟರ್ ಓಡಿಸಿದರೆ ನೈಲಾನ್ 66 ಅರ್ಧ ಮಿಲಿಗ್ರಾಂ ಆಸುಪಾಸು ಸವೆದೀತು. ಅದೇ ಪಿನ್ ಶೇ. 1 ತೇವ ಹೀರಿದರೆ 11 ಮಿಲಿಗ್ರಾಂ ಹೆಚ್ಚುತ್ತದೆ. ಅಳೆಯಬೇಕಾದ್ದರ ಇಪ್ಪತ್ತು ಪಟ್ಟು ಗದ್ದಲ.

ಒಂದೇ ರಾಡಿನಿಂದ ಎರಡು ಪಿನ್ ತೆಗೆಯಿರಿ. ಒಂದನ್ನು ಯಂತ್ರಕ್ಕೆ ಹಾಕಿ, ಇನ್ನೊಂದನ್ನು ಅದರ ಪಕ್ಕದಲ್ಲೇ, ಅದೇ ಗಾಳಿಯಲ್ಲಿ ಸುಮ್ಮನೆ ಇಡಿ. ಎರಡನ್ನೂ ಮೊದಲು ಮತ್ತು ಕೊನೆಗೆ ತೂಗಿ, ಸುಮ್ಮನಿದ್ದ ಪಿನ್ನಿನ ಏರಿಳಿತವನ್ನು ಓಡಿದ್ದರಿಂದ ಕಳೆಯಿರಿ. ಉಜ್ಜುವ ಪಿನ್ ಬಿಸಿಯಾಗಿ ತೇವ ಬಿಡುವುದೂ ಉಂಟು, ಆದ್ದರಿಂದ ಇದು ಕೂಡ ಪೂರ್ತಿ ನಿಖರವಲ್ಲ. ಪಿನ್ನಿನ ಉದ್ದ ಎಷ್ಟು ಕಡಿಮೆಯಾಯಿತು ಎಂದು ಜೊತೆಗೆ ಅಳೆದುಕೊಂಡರೆ ಎರಡನ್ನೂ ತಾಳೆ ನೋಡಬಹುದು. ಉಜ್ಜಿದ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಸೇರಿ ತಕ್ಕಡಿಯ ಅಂಕಿ ಕುಣಿಯುತ್ತಿದ್ದರೆ, ತೂಗುವ ಮುನ್ನ ಅದನ್ನು ಭೂಸಂಪರ್ಕವಿರುವ ಲೋಹದ ತಟ್ಟೆಯಲ್ಲಿ ಕೆಲಹೊತ್ತು ಇಡಿ. ಪರೀಕ್ಷೆ ಮುಗಿದ ಡಿಸ್ಕನ್ನು ತೊಳೆದು ಎತ್ತಿಡುವ ಮೊದಲು ಸೂಕ್ಷ್ಮದರ್ಶಕದ ಕೆಳಗೊಮ್ಮೆ ನೋಡಿ, ಫಿಲ್ಮಿನ ಫೋಟೋ ತೆಗೆದುಕೊಳ್ಳಿ. ತೂಕದ ಅಂಕಿ ಹೇಳದ್ದನ್ನು ಹಲವು ಸಲ ಆ ಫೋಟೋ ಹೇಳುತ್ತದೆ.